ಮೂರು ಕಾಲಿಗೆ ಜಾಗವಿಲ್ಲ

ಅತ್ತಿಗೆ, ಮೊದಲೇ ಹೇಳಿಬಿಡುತ್ತೇನೆ, ಅಣ್ಣ ಇಲ್ಲಿನ ಶವಾಗಾರದಲ್ಲಿ ಇಲ್ಲ. ಅವನು ಹತ್ತಿದ್ದ ಹಡಗಿನ ದುರಂತದಲ್ಲಿ ಸತ್ತವರ ಗುರುತಿಗಾಗಿ ಫೋಟೋ ತೆಗೆಯುವವರು ಬೇಕೆಂದರು; ಎಲ್ಲರ ಮುಖವನ್ನೂ ನೋಡಬಹುದಲ್ಲ ಎಂದು ಒಪ್ಪಿಕೊಂಡೆ. ಒಳಗೆ ಬೆಳಕು ಸಾಲದು, ನನ್ನ ಕೈ ಮೊದಲಿಂದಲೂ ನಿಲ್ಲುವುದಿಲ್ಲ. ಟ್ರೈಪಾಡ್ ಒಯ್ದರೆ ಕಾವಲುಗಾರ, "ಮೂರು ಕಾಲಿಂದು ಎಲ್ಲಿಡ್ತೀರಿ ಸಾರ್? ಮಲಗಿರೋರಿಗೇ ಜಾಗ ಇಲ್ಲ" ಅಂದ. ಅದನ್ನು ಅಂಗಡಿಗೆ ವಾಪಸು ಕೊಟ್ಟು ಮೋನೋಪಾಡ್ ತಂದೆ. ಅದರ ಒಂದೇ ಕಾಲನ್ನು ಸ್ಟ್ರೆಚರ್‌ಗಳ ಸಂದಿಯಲ್ಲಿ ಊರಿ, ಉಸಿರು ಬಿಗಿಹಿಡಿದು ಕ್ಲಿಕ್ಕಿಸುತ್ತೇನೆ. ಅಲ್ಲಿ ಅಲುಗಾಡುವವನು ನಾನೊಬ್ಬನೇ.

ನನ್ನ ಜ್ವರ ಬಿಟ್ಟಿದೆ, ಊಟ ಸೇರುತ್ತಿಲ್ಲ. ಇನ್ನು ಆಸ್ಪತ್ರೆಗಳಲ್ಲಿ ಅಣ್ಣನ ಫೋಟೋ ತೋರಿಸಿ ವಿಚಾರಿಸಬೇಕು. ಒಂದು ಫೋಟೋ ಬೇಗ ಕಳಿಸಿ, ಬೇರೆ ಯಾರಾದರೂ ತೆಗೆದದ್ದು. ಹಿಂದೆ ನಾನು ತೆಗೆದವುಗಳಲ್ಲೆಲ್ಲ ಅವನ ಮುಖ ಅಲುಗಾಡಿದೆ.

ಅವಸರದಲ್ಲಿ,
ನಿಮ್ಮ ಮೈದುನ