ಮಾಪ್ರಾಂಗಳ ಕೈಗೆ ಕಟ್ಟಿದ ದಾರ

ಚಿಯಾಂಗ್ ಮಾಯಿ, ಆಸ್ಪತ್ರೆಯ ಮಕ್ಕಳ ವಾರ್ಡು
ಬುದ್ಧಶಕ ೨೫೬೨, ಸೆಪ್ಟೆಂಬರ್ ೧೨

ಅತ್ತೆಯವರಿಗೆ ಸೊಸೆ ಸೀನುವನ್ ಮಾಡುವ ನಮಸ್ಕಾರಗಳು.

ನಾನಿಲ್ಲಿ ಕ್ಷೇಮವಾಗಿಲ್ಲ. ನೀವು ಕ್ಷೇಮವೆಂದು ಬಲ್ಲೆ. ಸಂತೆಯಲ್ಲಿ ಹುಳಿಸಿ ಒಣಗಿಸಿದ ಸೋಯಾ ಬಿಲ್ಲೆ ಮಾರುತ್ತಾ, "ನನ್ನ ಸೊಸೆ ದಾರ ಕತ್ತರಿಸಿದ್ಲು, ಅದಕ್ಕೇ ಮಗೂನ ಖ್ವಾನ್ ಮೈ ಬಿಟ್ಟು ಹೋಯ್ತು" ಎಂದು ಕಂಡಕಂಡವರಿಗೆಲ್ಲ ಹೇಳುವಷ್ಟು ಶಕ್ತಿ ನಿಮಗಿದೆಯಂತೆ.

ಹೌದು, ಕತ್ತರಿಸಿದೆ. ಏಕೆಂದು ಅವರಿಗೂ ಹೇಳಿ.

ಮಾಪ್ರಾಂಗಳ ರಕ್ತದ ಕ್ಯಾನ್ಸರಿಗೆ ಔಷಧಿ ಶುರುವಾದಾಗಲೇ ಡಾಕ್ಟರಮ್ಮ ಹೇಳಿದ್ದರು: ಈ ಔಷಧಿ ಮೈ ಕಾಯುವ ಕಣಗಳನ್ನೂ ಕೊಲ್ಲುತ್ತದೆ, ಹೂವು ಬೇಡ, ಮಣ್ಣು ಬೇಡ. ಆದರೆ ಮಗು ಹಿಂದೆ ಹಳ್ಳದ ದಂಡೆಯಲ್ಲಿ ಜಾರಿಬಿದ್ದಾಗಲೇ ಅದರ ಖ್ವಾನ್, ಆ ಜೀವಕಳೆ, ಅಲ್ಲೇ ಉಳಿಯಿತೆಂಬುದು ನಿಮ್ಮ ಹಟ. ಮೀನಿನ ಬಲೆಯಲ್ಲಿ ಹಳ್ಳದಿಂದ ಖ್ವಾನನ್ನು ಮೊಗೆದು, ಅದೇ ಒದ್ದೆ ಬಲೆಯೊಳಗೆ ದಾರವಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬಂದಿರಿ. ನರ್ಸ್ ಓರಥೈ, "ಏನ್ ಅಜ್ಜಿ, ಇಲ್ಲಿ ಮೀನು ಹಿಡಿಯೋಕ್ ಬಂದ್ರಾ?" ಎಂದು ರೇಗಿಸಿದಳು. "ಹೂಂ ಕಣವ್ವಾ, ನಿನ್ ಸೂಜಿಗೆ ಹೆದ್ರಿ ಓಡ್ಹೋದ ಮೀನು" ಎಂದಿರಿ ನೀವು. ಮಾಪ್ರಾಂಗ್ ಆಸ್ಪತ್ರೆಗೆ ಬಂದ ಮೇಲೆ ಮೊದಲ ಬಾರಿ ನಕ್ಕಿದ್ದು ಆಗಲೇ. ಅದನ್ನು ಅಲ್ಲಗಳೆಯಲಾರೆ.

ಖ್ವಾನ್ ಮತ್ತೆ ಮೈ ಬಿಡದಿರಲೆಂದು, ಸೂಜಿ ಚುಚ್ಚಿದ್ದ ಎಡಗೈಗೇ ಆ ದಾರ ಕಟ್ಟಿದಿರಿ. ಓರಥೈ ಕೂಡ ನಮ್ಮ ಕಡೆಯ ಹುಡುಗಿಯೇ. ಹಿರಿಯರು ಕಟ್ಟಿದ ದಾರ ತಾನಾಗಿ ಕಳಚಬೇಕೆಂದು ಅದನ್ನು ಮುಟ್ಟದೆ ಅದರ ಸುತ್ತಲೇ ಪಟ್ಟಿ ಅಂಟಿಸುತ್ತಿದ್ದಳು. ಮೈ ಒರೆಸಿದಾಗಲೆಲ್ಲ ದಾರ ನೆನೆಯಿತು. ಜ್ವರ ಬಂತು. ಕೈ ತುರಿಸುತ್ತದೆಂದು ಮಗು ಅತ್ತಳು. ತೆಗೆಯಲೇ ಎಂದು ಕೇಳಿದ್ದಕ್ಕೆ ನೀವು ಅಂದದ್ದು ನೆನಪಿದೆಯೇ? "ತೆಗಿ, ತೆಗೆದು ಮಗೂನ ಸ್ಮಶಾನಕ್ಕೇ ಕಳಿಸು."

ಕತ್ತರಿಸಿದೆ. ಕೆಳಗೆ ಹುಣಸೆ ಬೀಜದಷ್ಟು ಕಪ್ಪು ಕಲೆ. ನೀವು ಅದನ್ನು ನೋಡಲೂ ಇಲ್ಲ, ಬಲೆ ಎತ್ತಿಕೊಂಡು ಹೊರಟೇಬಿಟ್ಟಿರಿ.

ಅದು ಬೂಷ್ಟಂತೆ ಅತ್ತೆ. ಹಳಸಿದ ಅನ್ನದ ಮೇಲೆ ಬರುತ್ತದಲ್ಲ, ಅದೇ ಜಾತಿಯದು. ಮಣ್ಣಿನಲ್ಲಿ, ಧೂಳಿನಲ್ಲಿ, ಎಲ್ಲೆಲ್ಲೂ ಇರುತ್ತದೆ, ನಮ್ಮನ್ನು ಏನೂ ಮಾಡದು. ಕಾವಲಿಲ್ಲದ ಮೈ ಸಿಕ್ಕರೆ ಮಾಂಸವನ್ನೇ ತಿನ್ನುತ್ತದೆ. "ಅರವತ್ತು ವರ್ಷ ಬೂಷ್ಟಿನ ಜತೇಲೇ ಬಾಳಿದೀನಿ, ನಂಗೇನಾಯ್ತು?" ಎಂದು ಫೋನಿನಲ್ಲಿ ನಿಮ್ಮ ಮಗನನ್ನು ಕೇಳಿದಿರಂತೆ. ನಿಮಗೇನೂ ಆಗಲಿಲ್ಲ. ಅದೇ ನನ್ನ ಸಂಕಟ.

ದಾರದಿಂದಲೇ ಬಂತೆಂದು ಹೇಳಿಬಿಡಿ ಎಂದು ಡಾಕ್ಟರಮ್ಮನನ್ನು ಅಂಗಲಾಚಿದೆ. ನಿಮ್ಮ ಮೇಲೆ ಹೊರಿಸಲು ನನಗೊಂದು ಮಾತು ಬೇಕಿತ್ತು. ಅವರು ಕೊಡಲಿಲ್ಲ. "ದಾರ ಇರಬಹುದಮ್ಮಾ, ನಮ್ಮ ಪಟ್ಟಿಯೇ ಇರಬಹುದು, ಗಾಳೀಲೇ ಇತ್ತೋ ಏನೋ" ಎಂದರು.

ಕೊಳೆತದ್ದನ್ನು ಎರಡು ಸಲ ಕೊಯ್ದು ತೆಗೆದರು. ಮತ್ತೆ ಹಬ್ಬಿತು. ಮೂರನೆಯ ಸಲ ಒಪ್ಪಿಗೆ ಕೊಟ್ಟವರು ನಿಮ್ಮ ಮಗ. ನನ್ನಿಂದ ಆಗಲಿಲ್ಲ. ಬೂಷ್ಟು ನಿಂತಿದೆ, ಮಗು ಬದುಕಿದೆ.

ಆದರೆ ಕ್ಯಾನ್ಸರಿನ ಔಷಧಿ ಮತ್ತೆ ಶುರುಮಾಡಬೇಕು, ತಡವಾದರೆ ಅವಳು ಉಳಿಯಲಾರಳು. ಯಾರನ್ನೂ ಹತ್ತಿರ ಸೇರಿಸುತ್ತಿಲ್ಲ, ಹಲ್ಲು ಕಚ್ಚಿಕೊಂಡು ಮಲಗುತ್ತಾಳೆ. "ನನ್ ಖ್ವಾನ್ ಹಳ್ಳಕ್ಕೆ ವಾಪಸ್ ಹೋಗಿದೆ. ಅಜ್ಜಿ ಹಿಡ್ಕೊಂಡು ಬಂದ್ರೇನೇ ಔಷಧಿ" ಎನ್ನುತ್ತಾಳೆ. ನಾನೇ ಹಿಡಿದು ತರುತ್ತೇನೆಂದೆ. "ನಿಂಗೆ ಬರಲ್ಲಮ್ಮ" ಎಂದು ಗೋಡೆಯ ಕಡೆ ತಿರುಗಿದಳು. ಹೆತ್ತವಳು ನಾನು, ನಂಬಿಕೆ ನಿಮ್ಮ ಮೇಲೆ. ಹೊಟ್ಟೆ ಉರಿಯುತ್ತದೆ ಅತ್ತೆ.

ಆದ್ದರಿಂದ ಬನ್ನಿ. ಖಾಲಿ ಬಲೆಯನ್ನು ಬಾಗಿಲಾಚೆ ನಿಂತು ತೋರಿಸಿದರೆ ಸಾಕು, ಅದನ್ನು ಅಲ್ಲೇ ಬಿಟ್ಟು ಒಳಗೆ ಬನ್ನಿ. ದಾರ ನಾನೇ ಕುದಿಸಿ ಒಣಗಿಸಿ ಇಟ್ಟಿರುತ್ತೇನೆ. ಸಡಿಲವಾಗಿ ಕಟ್ಟಿ, ಔಷಧಿ ಏರಿದೊಡನೆ ನೀವೇ ನಿಮ್ಮ ಕೈಯಾರೆ ಬಿಚ್ಚಬೇಕು. ಡಾಕ್ಟರಮ್ಮ ಅಷ್ಟಕ್ಕೆ ಒಪ್ಪಿದ್ದಾರೆ. ನಾನು ನಿಮ್ಮನ್ನು ಕ್ಷಮಿಸಿಲ್ಲ, ನೀವೂ ನನ್ನನ್ನು ಕ್ಷಮಿಸಬೇಕಿಲ್ಲ. ಬಂದರೆ ಸಾಕು.

ನಿಮ್ಮ ಮೊಮ್ಮಗಳ ತಾಯಿ,
ಸೀನುವನ್

ಮರೆತ ಮಾತು: ಮರೆತದ್ದಲ್ಲ, ಹೇಳಬೇಡವೆಂದು ನಿಮ್ಮ ಮಗ ಆಣೆ ಹಾಕಿಸಿದ್ದರು. ನಿಮ್ಮನ್ನು ಕಂಡೊಡನೆ ಅವಳು ಅಭ್ಯಾಸಬಲದಿಂದ ಎಡಗೈಯನ್ನೇ ಚಾಚುತ್ತಾಳೆ. ಮೊಣಕೈಯಿಂದ ಕೆಳಗೆ ಅದು ಈಗಿಲ್ಲ. ಅವಳೆದುರು ಅಳಬೇಡಿ. ಏನಾದರೊಂದು ತಮಾಷೆ ಮಾಡಿ, ಬಲಗೈ ಕೇಳಿ.