ಡ್ರೈವಿನ ಹಳೇ ಕೇಬಲ್ಲು

ಮಾರ್ಚ್ 3, ಭಾನುವಾರ
ಮತ್ತೆ ಕಂಪ್ಯೂಟರಿನ ಕ್ಯಾಬಿನೆಟ್ ಬಿಚ್ಚಿದೆ. "ಹತ್ತು ವರ್ಷ ಬರೋ ಮಷೀನು ಅಂದೆ, ವರ್ಷಕ್ಕೆ ಹತ್ತು ಸಲ ಬಿಚ್ತೀಯಲ್ಲೋ!" — ಅಕ್ಕ. ಬಿಚ್ಚುವುದಕ್ಕೇ ಅಲ್ಲವೇ ಕಟ್ಟಿದ್ದು! ಒಂದೊಂದೇ ಭಾಗ ಬದಲಾಯಿಸುತ್ತ ಹೋದರೆ ಇದಕ್ಕೆ ಮುಪ್ಪೇ ಇಲ್ಲ. ಹಗಲು ಅವಳ ಕಸೂತಿ ಡಿಸೈನು, ಸಂಜೆ ನನ್ನ ಗೇಮು. ಹೊಸ ಗ್ರಾಫಿಕ್ಸ್ ಕಾರ್ಡಿಗೆ ಕರೆಂಟು ಹೆಚ್ಚು ಬೇಕು, ಪವರ್ ಸಪ್ಲೈ ಬದಲಾಯಿಸಿದೆ. ಅಕ್ಕನ ಡಿಸೈನುಗಳಿರುವ ಡ್ರೈವಿಗೆ ಹೋಗುವ ಕೇಬಲ್ ಮಾತ್ರ ಹಳೆಯದೇ ಬಿಟ್ಟೆ. ಹಿಂದೆ ಅಷ್ಟು ಚೆಂದ ಕಟ್ಟಿದ್ದನ್ನು ಯಾರು ಬಿಚ್ಚುತ್ತಾರೆ… ಹೊಸದರಲ್ಲಿ ಸರಿಯಾಗಿಯೇ ಕೂತಿತು. ಆನ್ ಮಾಡಿದೆ. ಗೇಮು — ಆಹಾ!

ಮಾರ್ಚ್ 4, ಬೆಳಿಗ್ಗೆ
ಅಕ್ಕನ ಡ್ರೈವ್ ಕಾಣಿಸುತ್ತಿಲ್ಲ. ಆರು ವರ್ಷದ ಡಿಸೈನು. ಬಿಚ್ಚಿ ಮೂಸಿದೆ — ಸುಟ್ಟ ವಾಸನೆ. ಮ್ಯಾನ್ಯುಯಲ್ ಈಗ ಓದಿದೆ. ಮೊದಲ ಪುಟದಲ್ಲೇ ಇದೆ: ಬೇರೆ ಪವರ್ ಸಪ್ಲೈನ ಕೇಬಲ್ ಹಾಕಬೇಡಿ. ಒಳಗಿನ ತಂತಿಗಳ ಕ್ರಮ ಒಂದೊಂದು ಕಂಪನಿಗೆ ಒಂದೊಂದು. ಕೂರುತ್ತದೆ, ಸುಡುತ್ತದೆ. ನನ್ನ ಗೇಮುಗಳ ಡ್ರೈವ್ ಬೇರೆ, ಅದಕ್ಕೇನೂ ಆಗಿಲ್ಲ.

ಹೇಳಲು ಬಾಯಿ ತೆರೆಯುವುದರೊಳಗೆ ಅವಳೇ ಅಂದಳು: "ನಂದೇ ತಪ್ಪು ಕಣೋ. ನಿನ್ನೆ ಮಲಗೋವಾಗ ಶಟ್ ಡೌನ್ ಮಾಡ್ದೆ ಗೋಡೆ ಸ್ವಿಚ್ಚೇ ಆರಿಸ್ಬಿಟ್ಟೆ. ಹಾಗ್ ಮಾಡ್ಬೇಡ ಅಂತ ನೀನು ಬಡ್ಕೊಂಡಿದ್ದೆ."

ಮ್ಯಾನ್ಯುಯಲ್ ಮಡಚಿ ಡ್ರಾಯರಿಗೆ ಹಾಕಿದೆ. ಥೂ.

ಮಾರ್ಚ್ 6
ರಿಪೇರಿಯವನು: "ವೋಲ್ಟೇಜ್ ಹೆಚ್ಚಾಗಿ ಒಳಗೆಲ್ಲ ಸುಟ್ಟಿದೆ. ಏನೂ ಸಿಗಲ್ಲ. ಕೇಬಲ್ ಏನಾದ್ರೂ ಬದಲಾಯ್ಸಿದ್ರಾ?"
"ಇಲ್ಲಪ್ಪ" ಅಂದೆ. ಅಕ್ಕ ಪಕ್ಕದಲ್ಲೇ ನಿಂತಿದ್ದಳು. ಸುಳ್ಳೇನಲ್ಲವಂತೆ — ಬದಲಾಯಿಸದೇ ಇದ್ದದ್ದೇ ತಾನೇ ಅನಾಹುತ! ಎಂಥಾ ಲಾಯರು ನಾನು.

ಮಾರ್ಚ್ 15
ಬರೆಯಲು ಕೈ ಬಂದಿರಲಿಲ್ಲ. ಅಕ್ಕ ತಾನು ಕಸೂತಿ ಹಾಕಿಕೊಟ್ಟಿದ್ದ ಹಳೇ ಬಟ್ಟೆಗಳನ್ನು ಗಿರಾಕಿಗಳಿಂದ ಕೇಳಿ ತಂದಿದ್ದಾಳೆ. ಹೊಲಿಗೆ ನೋಡಿ ನೋಡಿ ಒಂದೊಂದೇ ಎಲೆ, ಬಳ್ಳಿ ಮತ್ತೆ ಬರೆಯುತ್ತಾಳೆ. ಕಣ್ಣು ಕೆಂಪು. ಸ್ವಿಚ್ ಮಾತ್ರ ಮುಟ್ಟುವುದಿಲ್ಲ. "ನೀನೇ ಹಾಕ್ಕೊಡು, ನನ್ ಕೈ ಸರಿ ಇಲ್ಲ." ದಿನಾ ಇದೇ ಮಾತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಎನ್ನುತ್ತಲೂ ಇಲ್ಲ, ಆದರೂ ನನ್ನ ಕೈ ಹೆಗಲಿನಿಂದ ಇಳಿಯುತ್ತಿಲ್ಲ. ಗೇಮು ಬೇಡವಾಗಿದೆ.

ಮಾರ್ಚ್ 18, ಸಂಜೆ
ಹೇಳಿದೆ. ಹೇಳಿಯೇಬಿಟ್ಟೆ. "ಅಕ್ಕಾ, ಸ್ವಿಚ್ಚಿಂದ ಅಲ್ಲ. ನಾನು ಹಾಕಿದ ಕೇಬಲ್ಲಿಂದ ಸುಟ್ಟಿದ್ದು."

ಬಟ್ಟೆ ಕೆಳಗಿಟ್ಟಳು. ಕಣ್ಣು ತುಂಬಿಕೊಂಡಿತು.

"ನಂಗೆ ಬೇಜಾರಾಗ್ಬಾರ್ದು ಅಂತ ತಪ್ಪೆಲ್ಲ ನಿನ್ ಮೇಲೆ ಹಾಕ್ಕೋತೀಯಾ? ರಿಪೇರಿಯವನಿಗೆ ನೀನು ಹೇಳಿದ್ದು ನಾನು ಕೇಳಿಸ್ಕೊಳ್ಲಿಲ್ವಾ? ಬೇಡ ಕಣೋ. ಇಂಥ ತಮ್ಮ ಯಾರಿಗಿದಾನೆ ಹೇಳು!" ತಲೆ ನೇವರಿಸಿದಳು.

ಅಲ್ಲ ಅನ್ನಬೇಕಿತ್ತು. ನಕ್ಕೆ. ನಕ್ಕೆನಲ್ಲ, ಪಾಪಿ! ಅವಳು ಇನ್ನೂ ಮೇಜಿನ ಮುಂದೆಯೇ ಕೂತಿದ್ದಾಳೆ. ಈಗಲೇ ಎದ್ದು ಹೋಗಿ ಮ್ಯಾನ್ಯುಯಲ್ಲಿನ ಮೊದಲ ಪುಟ ತೋರಿಸಿ —