ಮೀಸೆ ಇಲ್ಲದ ಬದಾಮ ರಾಜ

ಬೆಟಗೇರಿ
೯ ಡಿಸೆಂಬರ್ ೨೦೨೪

ಪ್ರೀತಿಯ ಅವ್ವಾ,

ದಿನಾ ಫೋನ್ ಮಾಡುವವಳು ಇವತ್ತು ಪತ್ರ ಯಾಕೆ ಬರೆದಳು ಅಂತ ಗಾಬರಿಯಾಗಬೇಡ. ನೀನು ಫೋನನ್ನು ಸ್ಪೀಕರಿಗೆ ಹಾಕಿ ರೊಟ್ಟಿ ಬಡಿಯುತ್ತೀ, ಅಡರಕಟ್ಟಿಯ ಅರ್ಧ ಓಣಿ ಕೇಳಿಸಿಕೊಳ್ಳುತ್ತದೆ. ಇದು ನಿನಗೊಬ್ಬಳಿಗೇ ಹೇಳುವ ಮಾತು.

ಕೂಸಿಗೆ ಹನ್ನೊಂದು ವಾರ ತುಂಬಿದರೂ ನನ್ನ ಮುಖ ನೋಡುತ್ತಿರಲಿಲ್ಲ. ಸಪ್ಪಳ ಬಂದ ಕಡೆ ಕತ್ತು ಹೊರಳಿಸುತ್ತಿದ್ದಳು, ಕಣ್ಣು ಮಾತ್ರ ನನ್ನನ್ನು ದಾಟಿ ಎಲ್ಲೋ ಹೋಗುತ್ತಿತ್ತು. ಒಮ್ಮೆಯೂ ನಕ್ಕಿರಲಿಲ್ಲ. ಮೊಬೈಲಿನಲ್ಲಿ ಏನೇನೋ ಓದಿ ಇದ್ದ ನಿದ್ದೆಯನ್ನೂ ಕಳೆದುಕೊಂಡೆ. ನೀನು ಕೇಳಿದಾಗಲೆಲ್ಲ ‘ಛಲೋ ಅದಾಳ’ ಅಂದೆನಲ್ಲ, ಅದು ಸುಳ್ಳು.

ನಿನ್ನಲ್ಲಿಂದ ಗಂಡನ ಮನೆಗೆ ಬಂದರೂ ಇಲ್ಲಿಯೂ ನಿನ್ನ ಮನೆಯದೇ ಬಾಣಂತಿ ಕೋಣೆ: ಕಿಟಕಿಗೆ ಕಂಬಳಿ, ಮಿಣುಕು ಜೀರೋ ಬಲ್ಬು, ಲೋಬಾನದ ಹೊಗೆ, ನನ್ನ ಹಣೆ ಮುಚ್ಚುವ ಸ್ಕಾರ್ಫು. ನೀನು ಹೇಳಿಕೊಟ್ಟಿದ್ದರಲ್ಲಿ ಅತ್ತೆ ಒಂದನ್ನೂ ಬಿಟ್ಟಿಲ್ಲ.

ನಿನ್ನೆ ಅತ್ತೆ ಶಿರಹಟ್ಟಿಗೆ ಬಸುರಿಯೊಬ್ಬಳ ಕುಬಸಕ್ಕೆ ಹೋಗಿದ್ದರು. ಮಧ್ಯಾಹ್ನ ಕರೆಂಟು ಹೋಯಿತು. ಆ ಕತ್ತಲಲ್ಲಿ ಕೂತಿರಲಾರದೆ ಕೂಸನ್ನೆತ್ತಿಕೊಂಡು ಮಗ್ಗದ ಕೋಣೆಗೆ ಬಂದೆ. ಅಲ್ಲಿ ಬೆಳಕಿಂಡಿಯ ಕೆಳಗೆ ಮಾವ ಮತ್ತು ಪಕ್ಕದ ಮನೆಯ ದೇವಪ್ಪ ಕಾಕಾ ಇಸ್ಪೀಟು ಆಡುತ್ತಿದ್ದರು. ಮಾವ ಕಾಲು ಚಾಚಿ ಕೂಸನ್ನು ಅದರ ಮೇಲೆ ಮಲಗಿಸಿಕೊಂಡರು.

ಇಸ್ಪೀಟೆಲೆಗಳಲ್ಲಿ ಕೆಂಪು ಹೃದಯದ ಗುರುತಿನ ಬದಾಮ ರಾಜನಿಗೆ ಮೀಸೆ ಇಲ್ಲ, ಗಮನಿಸಿದ್ದೀಯಾ? ಉಳಿದ ಮೂವರಿಗಿದೆ. ‘ಇಂವಾ ಹೇಣ್ತಿ ಮಾತ ಕೇಳಿ ಬೋಳಿಸ್ಕೊಂಡಾನ’ ಅಂದರು ದೇವಪ್ಪ ಕಾಕಾ. ಬಿ.ಎ.ದಲ್ಲಿ ಇತಿಹಾಸ ಓದಿದವಳು ನಾನು, ಸುಮ್ಮನಿರಲಾಗಲಿಲ್ಲ. ಈಜಿಪ್ಟಿನ ಹಳೆಯ ಎಲೆಗಳಲ್ಲಿ ರಾಣಿಯೇ ಇರಲಿಲ್ಲ. ರಾಜ ಮತ್ತು ಅವನ ಕೈಕೆಳಗಿನ ಇಬ್ಬರು ಅಧಿಕಾರಿಗಳು, ಅವರಿಗೂ ಮುಖವಿಲ್ಲ, ಬರೀ ಬರಹ. ಯುರೋಪಿನವರು ಮುಖ ಬರೆದರು, ರಾಣಿಯನ್ನು ಕೂರಿಸಿದರು, ಕೊನೆಯವನನ್ನು ಸೇವಕ ಮಾಡಿದರು. ಅವನೇ ನಮ್ಮ ಗುಲಾಮ. ಮರದ ಅಚ್ಚಿನಿಂದ ಅಚ್ಚಿಗೆ ನಕಲಾಗುತ್ತ ಈ ರಾಜನ ಮೀಸೆ ಅಳಿಸಿತು. ಅವನ ಕೈಯಲ್ಲಿದ್ದ ಕೊಡಲಿಯ ಬಾಯಿಯೂ ಮಾಯವಾಗಿ ಈಗ ತನ್ನ ತಲೆಗೇ ಕತ್ತಿ ಚುಚ್ಚಿಕೊಂಡಂತೆ ಕಾಣುತ್ತಾನೆ. ಹೀಗೆಲ್ಲ ಹೇಳಿದೆ.

ಮಾವ ತಲೆದೂಗಿದರು. ‘ಖರೆ ಐತಿ ಬಿಡವಾ. ನಕ್ಷಿ ಇಳಿಸೋ ಮುಂದ ಒಂದ ಎಳಿ ತಪ್ಪಿದ್ರ ಮುಂದಿನ ಸೀರಿ ಎಲ್ಲಾ ಹಂಗ ಬರ್ತಾವ. ಆಮ್ಯಾಲ ಮಂದಿ ಅದನ್ನ ಹೊಸಾ ನಮೂನಿ ಅಂತ ಕೇಳಿ ಒಯ್ತಾರ.’

ಹಾಗನ್ನುತ್ತ ಕೈಯಲ್ಲಿದ್ದ ಒಕ್ಕಣ್ಣಿನ ಕರಿ ಇಸ್ಪೀಟ ಗುಲಾಮನನ್ನು ಬೆಳಕಿಗೆ ಹಿಡಿದರು. ಕೂಸಿನ ಕಣ್ಣು ಅದರ ಮೇಲೆ ನಿಂತಿತು, ಅವ್ವಾ! ಎಲೆ ಎಡಕ್ಕೆ ಸರಿದರೆ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ. ‘ಏ ಅಂದಪ್ಪಾ, ನಿನ್ನ ಎಲಿ ನೋಡಿ ನನಗ ಹೇಳಾಕತ್ಯಾಳಲೇ ನಿನ್ನ ಮೊಮ್ಮಗಳು!’ ಅಂತ ದೇವಪ್ಪ ಕಾಕಾ ಕೂಗಿದರು. ನನಗೆ ಅಳು ತಡೆಯಲಾಗಲಿಲ್ಲ. ಇದ್ದುದೆಲ್ಲ ಬಾಯಿಬಿಟ್ಟೆ.

‘ಕತ್ತಲ ಕೋಣ್ಯಾಗ ಮಲಗಿಸಿ ಮಾರಿ ನೋಡವಲ್ಲದು ಅಂದ್ರ ಹೆಂಗವಾ? ಬೆಳಕಿಲ್ಲದ ಮಗ್ಗದಾಗ ನನಗರ ಎಳಿ ಕಾಣ್ತಾವೇನು? ಆ ಸ್ಕಾರ್ಪ್ ತೆಗಿ, ಇಲ್ಲಿ ಕುಂಡ್ರು’ ಅಂದರು ಮಾವ.

ತೆಗೆದು ಕುಳಿತೆ. ನನ್ನ ಹಣೆ, ಕುಂಕುಮ, ಮೂಗುಬೊಟ್ಟು ಎಲ್ಲ ನೋಡಿದಳು. ಕೊನೆಗೆ ನನ್ನ ಕಣ್ಣನ್ನೇ ನೋಡಿ ಬೊಚ್ಚು ಬಾಯಿ ತೆರೆದು ನಕ್ಕಳು.

ಇವತ್ತು ಬೆಳಿಗ್ಗೆ ಡಾಕ್ಟರಿಗೂ ತೋರಿಸಿಕೊಂಡು ಬಂದೆ. ಕಣ್ಣು ಚೆನ್ನಾಗಿವೆಯಂತೆ. ಕಿಟಕಿಯ ಕಂಬಳಿ ತೆಗೆದಿದ್ದೇನೆ, ಬೈಯಬೇಡ. ‘ನಿಮ್ಮವ್ವಗ ನಾ ಏನ ಹೇಳ್ಲಿ?’ ಅಂತ ಅತ್ತೆಗೆ ಒಂದೇ ಚಿಂತೆ. ಅಜ್ಜಿ ಕಿಟಕಿ ಮುಚ್ಚುತ್ತಿದ್ದುದು ಹೊರಗೇ ದನದ ಕೊಟ್ಟಿಗೆ ಇದ್ದು ನೊಣ ಬರುತ್ತಿದ್ದವೆಂಬ ಕಾರಣಕ್ಕೆ ಅಂತ ನೀನೇ ಹೇಳಿದ್ದೆ. ನಮ್ಮ ಕಿಟಕಿಯ ಹೊರಗೆ ಬರೀ ಬಿಸಿಲಿದೆ. ಜಲ್ದಿ ಬಾ, ನಿನ್ನ ಮುಖವನ್ನೂ ತೋರಿಸು.

ನಿದ್ದೆ ಮಾಡಿ ಎದ್ದ ನಿನ್ನ ಮಗಳು,
ಭುವನಾ

ತಾ.ಕ.: ನಿಜ ಹೇಳಿಬಿಡುತ್ತೇನೆ. ಅವಳ ಮೊದಲ ನಗು ನನಗಲ್ಲ, ಗುಲಾಮನಿಗೆ. ನನ್ನದು ಎರಡನೆಯದು. ಅತ್ತೆಗೂ ನಿನ್ನ ಅಳಿಯನಿಗೂ ನನಗೇ ಮೊದಲು ನಕ್ಕಳೆಂದು ಹೇಳಿದ್ದೇನೆ. ಮಾವ ಬಾಯಿ ಬಿಡುವುದಿಲ್ಲ. ಆದರೆ ದೇವಪ್ಪ ಕಾಕಾ ಇವತ್ತು ಎಲ್ಲರೆದುರು ಆ ಎಲೆಯನ್ನೇ ಹಿಡಿದು ಬಾಗಿಲಲ್ಲಿ ನಿಂತು, ‘ಗುಲಾಮ ಬಂದಾನಂತ ಕೂಸಿಗೆ ಹೇಳವಾ’ ಅಂದರು.